ಜೇಬಿನ ಚಿಲ್ಲರೆ, ಹದಿನಾರು ತೂತಿನ ಟ್ರೇ

ನಾಣ್ಯ ಸಂಗ್ರಹ ಶುರು ಮಾಡೋಕೆ ಹಳೆ ಬೆಳ್ಳಿ ರೂಪಾಯಿ ಕೊಳ್ಳಬೇಕಾಗಿಲ್ಲ. ಇವತ್ತು ಕಿರಾಣಿ ಅಂಗಡಿಯಿಂದ ವಾಪಸ್ ಬಂದ ಚಿಲ್ಲರೆ ಸಾಕು. ಇದನ್ನು ಬಾಯಲ್ಲಿ ಹೇಳೋದಕ್ಕಿಂತ ಮಾಡಿ ತೋರಿಸೋಣ ಅಂತ ಈ ಕೆಲಸಕ್ಕೆ ಕೈ ಹಾಕಿದೆ. ಗುರಿ ಇಷ್ಟೇ: ಒಂದು, ಎರಡು, ಐದು, ಹತ್ತು ರೂಪಾಯಿಯ ನಾಣ್ಯಗಳು. ದೇಶದ ನಾಲ್ಕು ಟಂಕಸಾಲೆಗಳಾದ ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾದಲ್ಲಿ ಅಚ್ಚಾದವು ಒಂದೊಂದು. ಒಟ್ಟು ಹದಿನಾರು. ಅವನ್ನು ಎರಡೂ ಕಡೆಯಿಂದ ನೋಡಲು ಬರುವಂಥ ಟ್ರೇ ಇಲ್ಲೇ ಕಲಬುರಗಿಯಲ್ಲಿ ಮಾಡಿಸಬೇಕು. ಯಾವ ನಾಣ್ಯಕ್ಕೂ ಅದರ ಮೇಲಿರುವ ಬೆಲೆಗಿಂತ ಒಂದು ಪೈಸೆ ಜಾಸ್ತಿ ಕೊಡಬಾರದು.

ಯಾವ ಮಾದರಿ ಅನ್ನೋದನ್ನೂ ಮೊದಲೇ ಗಟ್ಟಿ ಮಾಡಿಕೊಂಡೆ. ರೂಪಾಯಿಯ ಹೊಸ ಚಿಹ್ನೆಯನ್ನು ಸರಕಾರ ಒಪ್ಪಿದ್ದು 2010ರ ಜುಲೈನಲ್ಲಿ. 2011ರಿಂದ ಆ ಚಿಹ್ನೆ ನಾಣ್ಯದ ಮೇಲೆ ಬಂತು. 2019ರಲ್ಲಿ ಮತ್ತೊಂದು ಹೊಸ ಮಾದರಿ ಬರುವ ತನಕ ಇದೇ ನಡೆಯಿತು. ಬಜಾರಿನಲ್ಲಿ ಈಗಲೂ ಜಾಸ್ತಿ ಕೈಗೆ ಸಿಗುವುದು ಈ 2011ರ ಮಾದರಿ. ಅದಕ್ಕೇ ಮೊದಲ ಟ್ರೇ ಇದಕ್ಕೆ. ಶುರುವಿನಲ್ಲಿ ಹೀಗೊಂದು ಗೆರೆ ಹಾಕಿಕೊಳ್ಳುವುದು ಒಳ್ಳೆಯದು. ಕಂಡಿದ್ದೆಲ್ಲ ಎತ್ತಿಟ್ಟರೆ ಡಬ್ಬಿ ತುಂಬುತ್ತದೆ, ಸಂಗ್ರಹ ಆಗುವುದಿಲ್ಲ.

ರಾಶಿ ಹಾಕಿದ್ದು

ಮನೆಯಲ್ಲಿ ಹುಡುಕಿದರೆ ಚಿಲ್ಲರೆಗೆ ಬರವಿಲ್ಲ. ದೇವರ ಮನೆಯ ಹುಂಡಿ, ಬೈಕಿನ ಡಿಕ್ಕಿ, ಅವ್ವನ ಸಾಸಿವೆ ಡಬ್ಬಿ, ಹಳೆ ಪರ್ಸು. ಅದರ ಮೇಲೆ ದಿನದ ಓಡಾಟದ ಚಿಲ್ಲರೆ. ಬಸ್ ಕಂಡಕ್ಟರ್ ಚೀಲಕ್ಕೆ ಕೈ ಹಾಕಿ ಕೊಟ್ಟಿದ್ದು, ಮಿರ್ಚಿ ಭಜಿ ಬಂಡಿಯವರು ಕೊಟ್ಟಿದ್ದು, ತರಕಾರಿಯವರ ಗೋಣಿ ತಾಟಿನ ಕೆಳಗಿನದು. ಶರಣಬಸವೇಶ್ವರ ಗುಡಿಯ ಮುಂದೆ ಹೂ, ಕಾಯಿ ಮಾರುವವರ ಹತ್ತಿರ ನೋಟು ಕೊಟ್ಟು ಚಿಲ್ಲರೆ ಕೇಳಿದರೆ ಖುಷಿಯಿಂದ ಕೊಡುತ್ತಾರೆ. ಅವರಿಗೆ ಭಾರ ಕಡಿಮೆ, ನಮಗೆ ರಾಶಿ ಜಾಸ್ತಿ. ಬ್ಯಾಂಕಿನಲ್ಲೂ ನೋಟು ಕೊಟ್ಟು ನಾಣ್ಯ ಕೇಳಬಹುದು. ಆದರೆ ಹೊಸ ಪೊಟ್ಟಣ ಒಡೆದರೆ ಒಳಗಿರುವುದೆಲ್ಲ ಸಾಮಾನ್ಯವಾಗಿ ಒಂದೇ ವರ್ಷದ್ದು, ಒಂದೇ ಗುರುತಿನದು. ಹೊಳಪು ಬೇಕಿದ್ದರೆ ಬ್ಯಾಂಕು, ವೈವಿಧ್ಯ ಬೇಕಿದ್ದರೆ ಬಜಾರು.

ಹತ್ತು ರೂಪಾಯಿ ನಾಣ್ಯದ್ದು ನಮ್ಮ ಕಡೆ ಬೇರೆಯೇ ಕಥೆ. ಒಂದು ಅಂಗಡಿಯಲ್ಲಿ ನಾಣ್ಯ ಕೊಟ್ಟಾಗ ಬಂದ ಮಾತು: "ಹತ್ತರ ಕಾಯಿನ್ ನಡೆಂಗಿಲ್ರಿ, ನೋಟ್ ಇದ್ರ ಕೊಡ್ರಿ." ನಡೆಯುತ್ತದೆ. ಹತ್ತರ ನಾಣ್ಯ ಹದಿನಾಲ್ಕು ವಿನ್ಯಾಸದಲ್ಲಿ ಬಂದಿದೆ, ಎಲ್ಲವೂ ಚಲಾವಣೆಗೆ ಸರಿ ಅಂತ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟವಾಗಿ ಹೇಳಿದೆ. ನಾಣ್ಯದ ಮೇಲೆ ಕಿರಣದ ಹಾಗೆ ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಗೆರೆ ಇದ್ದರೆ ನಕಲಿ ಅಂತ ಹಬ್ಬಿದ್ದು ಬರೀ ಗಾಳಿಸುದ್ದಿ. ಚಿಹ್ನೆ ಬರುವ ಮುಂಚಿನ ವಿನ್ಯಾಸದಲ್ಲಿ ಹದಿನೈದು ಗೆರೆ, ಚಿಹ್ನೆ ಬಂದ ಮೇಲಿನದರಲ್ಲಿ ಹತ್ತು. ಎರಡೂ ಸರಕಾರದ ಟಂಕಸಾಲೆಯವೇ. ಇದನ್ನು ಅಂಗಡಿಯವರಿಗೆ ಸಮಾಧಾನದಿಂದ ಹೇಳಬೇಕು, ಜಗಳ ಬೇಡ. ನಾನು ಕೇಳಿದ್ದು ಇಷ್ಟೇ: "ನಿಮ್ಮ ಗಲ್ಲಾದಾಗ ಬಿದ್ದಿದ್ದ ಹತ್ತರ ಕಾಯಿನ್ ಎಲ್ಲಾ ನನಗ ಕೊಡ್ರಿ, ನೋಟ್ ಕೊಡ್ತೀನಿ." ಆಗ ಅವರೇ ಗಲ್ಲಾ ತಡಕಾಡಿ ಮುಷ್ಟಿ ತುಂಬ ತೆಗೆದು ಕೊಟ್ಟರು.

ಸಾಮಾನು

ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಹತ್ತು ಪಟ್ಟಿನ ಲೆನ್ಸ್ ಒಂದು. ಹಾಳಾದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ. ಗ್ರಾಮಿನ ನೂರನೇ ಭಾಗದ ತನಕ ತೋರಿಸುವ ಸಣ್ಣ ತಕ್ಕಡಿ. ಪ್ಲಾಸ್ಟಿಕ್ಕಿನದಾದರೂ ಸರಿ, ಅಗಲ ಅಳೆಯಲು ಒಂದು ವರ್ನಿಯರ್. ನಾಣ್ಯದ ಮೇಲೆ ಗೀರು ಬೀಳಬಾರದಲ್ವಾ, ಅದಕ್ಕೆ ಪ್ಲಾಸ್ಟಿಕ್ ಸಾಕು, ಇನ್ನೂ ಒಳ್ಳೆಯದು. ಕೆಳಗೆ ಹಾಸಲು ಹಳೆ ಕಾಟನ್ ಪಂಚೆ. ಬಾಗಿಸಲು ಬರುವ ಟೇಬಲ್ ಲ್ಯಾಂಪು. ಬರೆಯಲು ನೋಟ್‌ಬುಕ್ಕು. ಇಷ್ಟರಲ್ಲಿ ಯಾವುದನ್ನಾದರೂ ಬಿಡಬೇಕು ಅಂದರೆ ತಕ್ಕಡಿ ಬಿಡಿ, ಲೆನ್ಸ್ ಮಾತ್ರ ಬಿಡಬೇಡಿ.

ಮೊದಲ ವಿಂಗಡಣೆ: ಅಯಸ್ಕಾಂತ, ಅಳತೆ, ತೂಕ

ಅಕ್ಕನ ಮಗ ಪಕ್ಕದಲ್ಲಿ ಕೂತಿದ್ದ. ಅಯಸ್ಕಾಂತ ಅವನ ಕೈಗೆ ಕೊಟ್ಟೆ. ರಾಶಿಯ ಮೇಲೆ ಆಡಿಸಿದ ಕೂಡಲೇ ಸಣ್ಣ ನಾಣ್ಯಗಳು ಟಕಟಕ ಅಂತ ಅಂಟಿಕೊಂಡವು. ಕೆಲವು ಅಲ್ಲಾಡಲಿಲ್ಲ.

"ಮಾಮಾ, ಇದು ಖೋಟಾ ಐತೇನು? ಹತ್ತವಲ್ದು."

ಖೋಟಾ ಅಲ್ಲ. ಅಂಟುವಂಥವು ಫೆರಿಟಿಕ್ ಸ್ಟೇನ್‌ಲೆಸ್ ಸ್ಟೀಲಿನವು. ಅದರಲ್ಲಿ 83 ಭಾಗ ಕಬ್ಬಿಣ, 17 ಭಾಗ ಕ್ರೋಮಿಯಂ. ಅಂಟದ ಬಿಳಿ ನಾಣ್ಯಗಳು 75 ಭಾಗ ತಾಮ್ರ, 25 ಭಾಗ ನಿಕಲ್ ಸೇರಿಸಿದ ಮಿಶ್ರಲೋಹ. ನಿಕಲ್ ತಾನೊಂದೇ ಇದ್ದರೆ ಅಯಸ್ಕಾಂತಕ್ಕೆ ಅಂಟುತ್ತದೆ, ಇಷ್ಟು ತಾಮ್ರದ ಜೊತೆ ಸೇರಿದರೆ ಅಂಟುವುದಿಲ್ಲ. ಹಳದಿ ಐದು ರೂಪಾಯಿ ನಿಕಲ್ ಹಿತ್ತಾಳೆಯದು, ಅದೂ ಅಂಟುವುದಿಲ್ಲ. ಹುಡುಗನಿಗೆ ಇದನ್ನು ಪಾಠ ಮಾಡಿ ಹೇಳಬೇಕಾಗಲಿಲ್ಲ. ಅಂಟದೆ ಉಳಿದ ರಾಶಿಯಲ್ಲಿ ದಪ್ಪ ಐದು ರೂಪಾಯಿ ಎತ್ತಿ ಅಂಗೈಯಲ್ಲಿ ತೂಗಿ ನೋಡಿದ, "ಇದು ವಜನ್ ಅದ" ಅಂದ. 1992ರಿಂದ ನಡೆದ ಆ ದಪ್ಪ ಐದು ರೂಪಾಯಿ 9 ಗ್ರಾಂ ಇದೆ, ಅಗಲ 23 ಮಿ.ಮೀ. 2011ರ ಮಾದರಿಯ ಹಳದಿ ಐದೂ 23 ಮಿ.ಮೀ. ಅಗಲವೇ, ತೂಕ ಮಾತ್ರ 6 ಗ್ರಾಂ. ದಪ್ಪ ಐದನ್ನು ಅಂಚಿನ ಕಡೆಯಿಂದ ನೋಡಿ. ನಡುವೆ ಸುತ್ತಲೂ ಒಂದು ಸಣ್ಣ ಕಾಲುವೆ ಇದೆ. ನಕಲು ಮಾಡುವುದು ಕಷ್ಟವಾಗಲಿ ಅಂತ ಇಟ್ಟ ಅಂಚು ಅದು.

ಈ ರಾಶಿಯಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಜೋಡಿ. 1992ರಿಂದ 2004ರ ತನಕದ ಸ್ಟೀಲಿನ ಒಂದು ರೂಪಾಯಿ: ಅಗಲ 25 ಮಿ.ಮೀ., ತೂಕ 4.85 ಗ್ರಾಂ. 2011ರ ಎರಡು ರೂಪಾಯಿ: ಅಗಲ 25 ಮಿ.ಮೀ., ತೂಕ 4.85 ಗ್ರಾಂ. ಲೋಹವೂ ಒಂದೇ. ಬೆಲೆ ಮಾತ್ರ ಎರಡು ಪಟ್ಟು. ಕಣ್ಣು ಮಂಜಾದ ಹಿರಿಯರು ಕೈಯಲ್ಲಿ ಮುಟ್ಟಿ ಒಂದು ಯಾವುದು, ಎರಡು ಯಾವುದು ಅಂತ ಹೇಗೆ ಹೇಳಬೇಕು? 2019ರ ಮಾದರಿ ಮಾಡುವಾಗ ದೃಷ್ಟಿದೋಷ ಇರುವವರನ್ನು ನೆನಪಿನಲ್ಲಿಟ್ಟು ಅಳತೆ ಹಾಕಿದರು. ಒಂದಕ್ಕೆ 20, ಎರಡಕ್ಕೆ 23, ಐದಕ್ಕೆ 25, ಹತ್ತಕ್ಕೆ 27 ಮಿ.ಮೀ. ಬೆಲೆ ಏರಿದಂತೆ ಅಗಲವೂ ಏರುತ್ತದೆ. ಇಪ್ಪತ್ತು ರೂಪಾಯಿಯದ್ದು ದುಂಡಗಿಲ್ಲ, ಹನ್ನೆರಡು ಮೂಲೆ, ತೂಕ 8.54 ಗ್ರಾಂ. ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗುತ್ತದೆ. ಆದರೆ ಹಳೆಯವೂ ಹೊಸವೂ ಒಟ್ಟಿಗೆ ಓಡಾಡುವ ತನಕ ಗೊಂದಲ ಇದ್ದೇ ಇರುತ್ತದೆ. ನೀವು ವರ್ನಿಯರ್ ಹಿಡಿದು ಸುಮ್ನೆ ಅಳೆಯುತ್ತಾ ಹೋದರೆ ಸಾಕು, ಇಂಥವು ತಾವಾಗಿ ಹೊರಗೆ ಬರುತ್ತವೆ.

ನಡುವೆ ಇನ್ನೊಂದು ಮಾದರಿಯೂ ಸಿಗುತ್ತದೆ. 2007ರಿಂದ ಬಂದ ಕೈಮುದ್ರೆಯ ನಾಣ್ಯಗಳು. ಎಂಟಾಣೆಯ ಮೇಲೆ ಮುಷ್ಟಿ, ಒಂದರ ಮೇಲೆ ಹೆಬ್ಬೆರಳು ಎತ್ತಿದ ಕೈ, ಎರಡರ ಮೇಲೆ ಎರಡು ಬೆರಳು. ಇವನ್ನು ಬೇರೆ ಕವರಿಗೆ ಹಾಕಿಟ್ಟೆ. ಹನ್ನೊಂದು ಮೂಲೆಯ, ಭಾರತದ ನಕ್ಷೆ ಇರುವ ಹಳೆ ಎರಡು ರೂಪಾಯಿಯೂ ಅಷ್ಟೇ. ಅದು ತಾಮ್ರ ಮತ್ತು ನಿಕಲ್‌ನದು, 6 ಗ್ರಾಂ. ಅಪರೂಪವೇನಲ್ಲ, ಆದರೆ ನೋಡಲು ಚೆಂದ.

ಗುರುತು ಓದುವುದು

ಇಲ್ಲಿಂದ ನಿಜವಾದ ಕೆಲಸ. ನಾಣ್ಯವನ್ನು ಅಂಚಿನಲ್ಲಿ ಹಿಡಿದು, ವರ್ಷ ಬರೆದ ಜಾಗವನ್ನು ಲೆನ್ಸಿನ ಕೆಳಗೆ ತನ್ನಿ. ಇಸವಿಯ ಕೆಳಗೆ ಸಣ್ಣದೊಂದು ಗುರುತು ಇರುತ್ತದೆ. ವಜ್ರದ ಆಕಾರ ಇದ್ದರೆ ಮುಂಬೈ. ಐದು ಮೂಲೆಯ ನಕ್ಷತ್ರ ಇದ್ದರೆ ಹೈದರಾಬಾದ್. ದುಂಡು ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಹೈದರಾಬಾದಿನ ಕೆಲವು ಹಳೆ ನಾಣ್ಯಗಳಲ್ಲಿ ವಜ್ರದೊಳಗೆ ಚುಕ್ಕೆ ಇರುವ ಗುರುತೂ ಸಿಗುತ್ತದೆ.

ಓದಲು ಸುಲಭ, ನೋಡಲು ಅಷ್ಟು ಸುಲಭ ಅಲ್ಲ. ಸವೆದ ನಕ್ಷತ್ರದ ಮೂಲೆಗಳು ಹೋದರೆ ಅದು ಚುಕ್ಕೆಯ ಹಾಗೇ ಕಾಣುತ್ತದೆ. ನೇರ ಬೆಳಕಿನಲ್ಲಿ ನೋಡಬೇಡಿ. ಲ್ಯಾಂಪನ್ನು ಪಕ್ಕಕ್ಕೆ ಬಾಗಿಸಿ, ಬೆಳಕು ನಾಣ್ಯದ ಮೇಲೆ ಓರೆಯಾಗಿ ಬೀಳಲಿ. ಆಗ ಗುರುತಿನ ಒಂದು ಬದಿಗೆ ಕಪ್ಪು ನೆರಳು ಬೀಳುತ್ತದೆ. ನಾಣ್ಯವನ್ನು ಮೆಲ್ಲಗೆ ತಿರುಗಿಸುತ್ತಾ ಹೋದರೆ ನಕ್ಷತ್ರದ ನೆರಳು ಚೂಪು ಚೂಪಾಗಿ ಒಡೆಯುತ್ತದೆ, ಚುಕ್ಕೆಯ ನೆರಳು ಒಂದೇ ಸಮ ಇರುತ್ತದೆ. ನನ್ನ ರಾಶಿಯಲ್ಲಿದ್ದ ಒಂದು 2013ರ ಐದು ರೂಪಾಯಿಗೆ ಈ ಓರೆ ಬೆಳಕೇ ತೀರ್ಪು ಕೊಟ್ಟಿತು. ಮೇಲಿನ ಒಂದು ಮೂಲೆ ಮಾತ್ರ ಉಳಿದಿತ್ತು. ಅದೊಂದು ಮೂಲೆ ಸಾಕಾಯಿತು.

ಕೋಲ್ಕತ್ತದ್ದು ಕಷ್ಟ. ಗುರುತು ಇಲ್ಲ ಅಂತ ಹೇಳುವ ಮುಂಚೆ ಅದು ಸವೆದು ಹೋಗಿಲ್ಲ ಅಂತ ಖಾತ್ರಿ ಆಗಬೇಕು. ಅದಕ್ಕೆ ನಾನು ಇಟ್ಟುಕೊಂಡ ನಿಯಮ: ಇಸವಿಯ ಅಂಕಿಗಳ ಅಂಚು ಇನ್ನೂ ಚೂಪಾಗಿದ್ದು, ಕೆಳಗಿನ ಜಾಗ ಸಪಾಟಾಗಿದ್ದರೆ ಮಾತ್ರ ಕೋಲ್ಕತ್ತ. ಅಂಕಿಗಳೇ ಮಸುಕಾಗಿದ್ದರೆ ಆ ನಾಣ್ಯ ವಾಪಸ್ ಜೇಬಿಗೆ.

ನನ್ನ ರಾಶಿಯಲ್ಲಿ ನಕ್ಷತ್ರದ ಸಾಲು ಎಲ್ಲಕ್ಕಿಂತ ಮೊದಲು ತುಂಬಿತು. ಅದು ತುಂಬಿದಾಗ ನನಗೆ ಆದ ಸಂತೋಷಕ್ಕೆ ಕಾರಣ ಇದೆ. ಹೈದರಾಬಾದಿನ ಟಂಕಸಾಲೆ ಶುರುವಾಗಿದ್ದು 1803ರಲ್ಲಿ, ನಿಜಾಮರ ಟಂಕಸಾಲೆಯಾಗಿ. 1903ರಲ್ಲಿ ಸೈಫಾಬಾದಿಗೆ ಬಂತು, 1997ರಲ್ಲಿ ಚೆರ್ಲಪಲ್ಲಿಗೆ ಹೋಯಿತು. ನಮ್ಮ ಕಲಬುರಗಿ, ಬೀದರ್, ಯಾದಗಿರಿ ನೆಲ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ನಮ್ಮ ಹಿರಿಯರ ಕೈಗೆ ಬಂದ ಸಿಕ್ಕಾ ಅಚ್ಚಾಗಿದ್ದು ಈ ಟಂಕಸಾಲೆಯಲ್ಲೇ. ಇವತ್ತು ಚಹಾ ಕುಡಿದು ವಾಪಸ್ ತಗೊಂಡ ಎರಡು ರೂಪಾಯಿಯ ಕೆಳಗಿನ ನಕ್ಷತ್ರವೂ ಅದೇ ಟಂಕಸಾಲೆಯದು. ರಾಜ್ಯ ಬದಲಾಯಿತು, ಊರಿನ ಹೆಸರು ಬದಲಾಯಿತು, ನಾಣ್ಯ ಬರುವ ದಾರಿ ಮಾತ್ರ ಹಳೆಯದೇ.

ರಾಶಿ ಕೈಯಲ್ಲಿರುವಾಗಲೇ ಇನ್ನೊಂದು ಪರೀಕ್ಷೆ ಮಾಡಿ. ನಾಣ್ಯವನ್ನು ಸಿಂಹಲಾಂಛನ ನೆಟ್ಟಗೆ ಇರುವ ಹಾಗೆ ಮೇಲೊಂದು ಬೆರಳು, ಕೆಳಗೊಂದು ಬೆರಳು ಇಟ್ಟು ಹಿಡಿಯಿರಿ. ಹಾಗೇ ಪಕ್ಕಕ್ಕೆ ತಿರುಗಿಸಿ. ಹಿಂದಿನ ಬದಿಯೂ ನೆಟ್ಟಗೆ ಕಾಣಬೇಕು. ಅದು ಓರೆಯಾಗಿಯೋ ತಲೆಕೆಳಗಾಗಿಯೋ ಇದ್ದರೆ ಅಚ್ಚು ತಿರುಗಿ ಬಿದ್ದಿದೆ ಅಂತ ಅರ್ಥ. ಅಂಥದ್ದನ್ನು ಮತ್ತೆ ಖರ್ಚು ಮಾಡಬೇಡಿ, ಬೇರೆ ಎತ್ತಿಡಿ.

ಟ್ರೇ ಯಾವುದರಲ್ಲಿ?

ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಪ್ಲಾಸ್ಟಿಕ್ ಜೇಬುಗಳ ಆಲ್ಬಮ್ ಅಗ್ಗ. ಆದರೆ ಆ ಮೆತ್ತಗಿನ ಪ್ಲಾಸ್ಟಿಕ್ ಬಹಳ ಸಲ ಪಿವಿಸಿ, ಅಂದರೆ ಕ್ಲೋರಿನ್ ಸೇರಿದ ಪ್ಲಾಸ್ಟಿಕ್ ಆಗಿರುತ್ತದೆ. ವರ್ಷಗಳು ಕಳೆದಂತೆ ಅದರೊಳಗಿನ ಎಣ್ಣೆಯಂಥ ಪದಾರ್ಥ ಮತ್ತು ಆಮ್ಲ ಹೊರಗೆ ಬಂದು, ತಾಮ್ರ ಇರುವ ನಾಣ್ಯದ ಮೇಲೆ ಹಸಿರು ಜಿಗುಟು ಪದರ ಕಟ್ಟುತ್ತದೆ. ನಾಣ್ಯದ ಮೇಲ್ಮೈ ತಿಂದು ಹಾಕುತ್ತದೆ. ಆಮೇಲೆ ಏನು ಮಾಡಿದರೂ ಮೊದಲಿನಂತೆ ಆಗುವುದಿಲ್ಲ.

ಪ್ಲಾಸ್ಟಿಕ್ ಪಿವಿಸಿಯೋ ಅಲ್ಲವೋ ಅಂತ ನೋಡಲು ಒಂದು ಹಳೆ ಪರೀಕ್ಷೆ ಇದೆ. ದಪ್ಪ ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು, ಅದರ ತುದಿಯನ್ನು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ. ಬಿಸಿ ತುದಿಯನ್ನು ಪ್ಲಾಸ್ಟಿಕ್ ಚೂರಿಗೆ ಮುಟ್ಟಿಸಿ, ಸ್ವಲ್ಪ ಅಂಟಿಕೊಳ್ಳಲಿ. ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಒಳಗೆ ಕ್ಲೋರಿನ್ ಇದೆ, ಆ ಪ್ಲಾಸ್ಟಿಕ್ ಬೇಡ. ಮಾಡುವುದಾದರೆ ಮಾಳಿಗೆಯ ಮೇಲೆ ಬಯಲಲ್ಲಿ ಮಾಡಿ, ಹೊಗೆ ಒಳ್ಳೆಯದಲ್ಲ. ನಾನು ತಂದಿದ್ದ ಆಲ್ಬಮ್ ಚೂರು ಹಚ್ಚ ಹಸಿರಾಗಿ ಉರಿಯಿತು. ಬೋರ್ಡ್ ಮಾಡುವವರು ಕೊಟ್ಟ ಫೋಮ್ ಶೀಟಿನ ಚೂರೂ ಹಸಿರೇ. ಅದೂ ಪಿವಿಸಿಯದೇ. ಎರಡನ್ನೂ ಬಿಟ್ಟೆ.

ಮರ ಚೆಂದ ಕಾಣುತ್ತದೆ ನಿಜ. ಆದರೆ ಬಹಳ ಮರಗಳು, ಅದಕ್ಕಿಂತ ಜಾಸ್ತಿ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ, ಮುಚ್ಚಿದ ಪೆಟ್ಟಿಗೆಯಲ್ಲಿ ನಿಧಾನಕ್ಕೆ ಆಮ್ಲದ ಆವಿ ಬಿಡುತ್ತವೆ. ಅದೂ ನಾಣ್ಯಕ್ಕೆ ಆಗದು. ಕೊನೆಗೆ ಗಟ್ಟಿ ಮಾಡಿದ್ದು ಅಕ್ರಿಲಿಕ್. ಅದು ತಾನೇನೂ ಬಿಡುವುದಿಲ್ಲ, ಎರಡೂ ಕಡೆ ಕಾಣುತ್ತದೆ, ಊರಲ್ಲೇ ಕತ್ತರಿಸಿ ಕೊಡುತ್ತಾರೆ.

ಅಳತೆ ಮತ್ತು ಕಟಿಂಗ್

ಸೂಪರ್ ಮಾರ್ಕೆಟ್ ಕಡೆ ನೇಮ್ ಬೋರ್ಡ್ ಮಾಡುವ ಅಂಗಡಿಗಳಲ್ಲಿ ಲೇಸರ್ ಕಟಿಂಗ್ ಯಂತ್ರ ಇದೆ. ಮೂರು ಹಾಳೆ ಬೇಕು. ಕೆಳಗಿನದು 2 ಮಿ.ಮೀ., ತೂತು ಇಲ್ಲ. ನಡುವಿನದು 3 ಮಿ.ಮೀ., ಹದಿನಾರು ತೂತು. ಮೇಲಿನ ಮುಚ್ಚಳ 2 ಮಿ.ಮೀ. ಮೂರೂ 160 ಮಿ.ಮೀ. ಚೌಕ. ತೂತಿನ ನಡುವಿನಿಂದ ತೂತಿನ ನಡುವಿಗೆ 35 ಮಿ.ಮೀ. ಅಂಚಿನಿಂದ ಮೊದಲ ತೂತಿನ ನಡುವಿಗೆ 27.5 ಮಿ.ಮೀ. ನಾಲ್ಕು ಮೂಲೆಗೆ 3 ಮಿ.ಮೀ. ಸ್ಕ್ರೂ ತೂತು.

ನಾಣ್ಯದ ಅಗಲಕ್ಕೆ ಅರ್ಧ ಮಿ.ಮೀ. ಸೇರಿಸಿದೆ. ಒಂದು ರೂಪಾಯಿ ಸುಮಾರು 22, ತೂತು 22.5. ಎರಡು ರೂಪಾಯಿ 25, ತೂತು 25.5. ಐದು ರೂಪಾಯಿ 23, ತೂತು 23.5. ಹತ್ತು ರೂಪಾಯಿ 27, ತೂತು 27.5. ಇದಕ್ಕಿಂತ ಬಿಗಿ ಮಾಡಿದರೆ ನಾಣ್ಯ ತೆಗೆಯುವಾಗ ಉಗುರು ಹಾಕಿ ಕೆದಕಬೇಕಾಗುತ್ತದೆ. ಸಡಿಲ ಮಾಡಿದರೆ ಅಲ್ಲಾಡಿ ಸವೆಯುತ್ತದೆ. ಲೇಸರ್ ಕತ್ತರಿಸುವ ಗೆರೆಯೇ ಸ್ವಲ್ಪ ಅಕ್ರಿಲಿಕ್ ಸುಟ್ಟು ಹಾಕುವುದರಿಂದ ತೂತು ಕೂದಲೆಳೆಯಷ್ಟು ದೊಡ್ಡದೇ ಬರುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಅದಕ್ಕೆ ಮೊದಲು ವೇಸ್ಟ್ ಚೂರಿನ ಮೇಲೆ ನಾಲ್ಕು ಅಳತೆಯ ನಾಲ್ಕು ತೂತು ಹೊಡೆಸಿ, ನಾಣ್ಯ ಹಾಕಿ ನೋಡಿಯೇ ಪೂರ್ತಿ ಹಾಳೆ ಕೊಟ್ಟೆ.

ಅಂಗಡಿಯ ಹುಡುಗನಿಗೆ ಇದು ಹೊಸ ಕೆಲಸ. "ಇದರಾಗ ಏನ್ ಇಡ್ತೀರಿ ಸರ್, ಬೆಳ್ಳಿ ರೂಪಾಯೇನ್ರಿ?" ಅಂದ. ಜೇಬಿನಿಂದ ಹತ್ತರ ನಾಣ್ಯ ತೆಗೆದು ತೂತಿಗೆ ಬಿಟ್ಟೆ. ಸದ್ದಿಲ್ಲದೆ ಕೂತಿತು. ಅವನೇ ಲೆನ್ಸ್ ಇಸಕೊಂಡು ಇಸವಿಯ ಕೆಳಗೆ ನೋಡಿದ. ಆಮೇಲೆ ತನ್ನ ಗಲ್ಲಾ ತೆಗೆದ. ನನಗೆ ಸಿಗದೇ ಇದ್ದ ವಜ್ರದ ಗುರುತಿನ ಒಂದು ರೂಪಾಯಿ ಅಲ್ಲೇ ಸಿಕ್ಕಿತು. ಒಂದು ಕೊಟ್ಟು ಒಂದು ತಗೊಂಡೆ.

ಎರಡು ವಿಷಯ ಹೇಳಿ ಮಾಡಿಸಿಕೊಳ್ಳಿ. ಅಕ್ರಿಲಿಕ್ ಮೇಲಿನ ಕಾಗದ ಕೀಳದೆ ಕತ್ತರಿಸಬೇಕು, ಇಲ್ಲದಿದ್ದರೆ ತೂತಿನ ಸುತ್ತ ಹೊಗೆ ಕಲೆ ಕೂರುತ್ತದೆ. ಹಾಳೆ ಅಂಟಿಸುವುದು ಬೇಡ. ಬೋರ್ಡ್ ಅಂಗಡಿಯಲ್ಲಿ ಅಕ್ರಿಲಿಕ್ ಅಂಟಿಸಲು ಕ್ಲೋರೋಫಾರ್ಮ್ ಬಳಸುತ್ತಾರೆ. ಅದರ ಬದಲು ಸ್ಟೀಲ್ ಸ್ಕ್ರೂ, ನಟ್ಟು ಸಾಕು. ಯಾವಾಗ ಬೇಕಾದರೂ ಬಿಚ್ಚಬಹುದು, ನಾಣ್ಯದ ಹತ್ತಿರ ಅಂಟಿನ ವಾಸನೆಯೂ ಇರುವುದಿಲ್ಲ.

ಮನೆಗೆ ತಂದ ಮೇಲೆ ಕಾಗದ ಕಿತ್ತು, ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿದೆ. ತೂತಿನ ಒಳ ಅಂಚನ್ನು ಬೆರಳಲ್ಲಿ ಸವರಿ ನೋಡಿ, ಚೂಪು ಇದ್ದರೆ ಸಣ್ಣ ಉಪ್ಪುಕಾಗದದಲ್ಲಿ ಒಂದು ಸುತ್ತು. ಕೆಳ ಹಾಳೆಯ ಮೇಲೆ ನಡುವಿನ ಹಾಳೆ, ನಾಣ್ಯ, ಮುಚ್ಚಳ, ಸ್ಕ್ರೂ. ಬಿಗಿ ಮಾಡುವಾಗ ಮೂಲೆಯಿಂದ ಎದುರು ಮೂಲೆಗೆ ಹೋಗಿ, ಒಂದೇ ಕಡೆ ಬಿಗಿದರೆ ಅಕ್ರಿಲಿಕ್ ಬಿರುಕು ಬಿಡುತ್ತದೆ. ನಾಣ್ಯಕ್ಕಿಂತ ಹಾಳೆ ದಪ್ಪ ಇರುವುದರಿಂದ ಮುಚ್ಚಳ ನಾಣ್ಯವನ್ನು ಒತ್ತುವುದಿಲ್ಲ. ಟ್ರೇಯನ್ನು ತಿರುಗಿಸಿದರೆ ಹಿಂಬದಿ ಪೂರ್ತಿ ಕಾಣುತ್ತದೆ. ಮೇಲಿಂದ ಕೆಳಕ್ಕೆ ಬೆಲೆ, ಎಡದಿಂದ ಬಲಕ್ಕೆ ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ. ಹೆಸರು ಬರೆದ ಚೀಟಿಯನ್ನು ಕೆಳಗೆ ಇಟ್ಟೆ, ಒಳಗಲ್ಲ.

ತೊಳೆಯುವ ಮಾತು

"ಹುಣಸೆಹಣ್ಣು ಹಚ್ಚಿ ತಿಕ್ಕು, ಬಂಗಾರ ಆಗ್ತದ" ಅಂದಳು ಅವ್ವ. ದೇವರ ಸಾಮಾನಿಗೆ ಅದು ಸರಿ. ನಾಣ್ಯಕ್ಕೆ ಬೇಡವೇ ಬೇಡ. ಹುಣಸೆ, ನಿಂಬೆ, ಪಾತ್ರೆ ತಿಕ್ಕುವ ಪುಡಿ, ಯಾವುದೇ ಆಗಲಿ, ಮೇಲಿನ ಲೋಹವನ್ನೇ ಕರಗಿಸುತ್ತದೆ ಅಥವಾ ಕೆರೆಯುತ್ತದೆ. ಅಚ್ಚು ಬೀಳುವಾಗ ಲೋಹ ಹರಿದು ಮೂಡಿದ ಸಣ್ಣ ಸಣ್ಣ ಗೆರೆಗಳಿಂದಲೇ ಹೊಸ ನಾಣ್ಯದ ಹೊಳಪು. ಅವು ಒಮ್ಮೆ ಹೋದರೆ ಹೋದವು. ತಿಕ್ಕಿದ ನಾಣ್ಯದ ಹೊಳಪು ಬೇರೆ ಥರ, ಗೊತ್ತಿರುವವರು ದೂರದಿಂದಲೇ ಹೇಳುತ್ತಾರೆ.

ಹುಂಡಿಯ ನಾಣ್ಯಗಳ ಮೇಲೆ ಕುಂಕುಮ, ಎಣ್ಣೆ, ಧೂಳು ಇರುತ್ತದೆ. ಅವಕ್ಕೆ ನಾನು ಮಾಡಿದ್ದು ಇಷ್ಟು. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಟ್ಟಲಿಗೆ ಹಾಕಿ, ನಾಣ್ಯಗಳನ್ನು ಒಂದರ ಮೇಲೊಂದು ಬೀಳದಂತೆ ರಾತ್ರಿ ನೆನೆಸಿಟ್ಟೆ. ಬೆಳಿಗ್ಗೆ ನೀರು ಬದಲಿಸಿ ಮತ್ತೊಮ್ಮೆ. ಉಜ್ಜಲಿಲ್ಲ. ಪಂಚೆಯ ಮೇಲೆ ಇಟ್ಟು ಒತ್ತಿ ನೀರು ತೆಗೆದೆ, ಅಷ್ಟೇ. ಉಳಿದ ಕಲೆ ಉಳಿಯಲಿ. ಆಮೇಲೆ ಮುಟ್ಟುವುದಿದ್ದರೆ ಅಂಚು ಮಾತ್ರ. ನಮ್ಮ ಬೇಸಿಗೆಯಲ್ಲಿ ಅಂಗೈ ಬೆವರದೆ ಇರುವುದಿಲ್ಲ, ಆ ಬೆವರಿನ ಉಪ್ಪು ಬೆರಳಚ್ಚಾಗಿ ನಾಣ್ಯದ ಮೇಲೆ ಕೂತುಬಿಡುತ್ತದೆ.

ಐದರ ಮೇಲೆ ಬಸವಣ್ಣ

ಹುಡುಕುವಾಗ ಕೈಗೆ ಬಂದದ್ದೆಲ್ಲ ಹದಿನಾರರ ಲೆಕ್ಕಕ್ಕೆ ಸೇರುವುದಿಲ್ಲ. ಸ್ಮಾರಕ ನಾಣ್ಯಗಳು ನಡುವೆ ನುಸುಳುತ್ತವೆ. 2004ರ ಲಾಲ್ ಬಹದ್ದೂರ್ ಶಾಸ್ತ್ರಿ, 2005ರ ದಂಡಿ ಯಾತ್ರೆ, 2010ರ ಕಾಮನ್‌ವೆಲ್ತ್ ಕ್ರೀಡಾಕೂಟ, ಅದೇ ವರ್ಷದ ರಿಸರ್ವ್ ಬ್ಯಾಂಕಿನ 75 ವರ್ಷದ ನಾಣ್ಯ, 2015ರ ಅಂಬೇಡ್ಕರ್ 125ನೇ ಜಯಂತಿಯ ಹತ್ತು ರೂಪಾಯಿ, 2022ರ ಅಮೃತ ಮಹೋತ್ಸವದ ಗುರುತಿನವು. ಐದು ರೂಪಾಯಿಯ ಸ್ಮಾರಕಗಳಲ್ಲಿ ಒಂದೇ ಚಿತ್ರ ಎರಡು ಲೋಹದಲ್ಲಿ ಬಂದ ಉದಾಹರಣೆಗಳೂ ಇವೆ, ಅದಕ್ಕೇ ಅಯಸ್ಕಾಂತ ಯಾವಾಗಲೂ ಹತ್ತಿರ ಇರಲಿ.

ನನಗೆ ಬೇಕಾಗಿದ್ದದ್ದು 2006ರ ಐದು ರೂಪಾಯಿ, ಮಹಾತ್ಮ ಬಸವೇಶ್ವರರದು. ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಕಾಯಕ ಮಾಡಿದ ಶರಣರು ದೇಶದ ನಾಣ್ಯದ ಮೇಲೆ ಬಂದಿದ್ದಾರೆ ಅಂದರೆ ನಮ್ಮ ಕಡೆಯ ಸಂಗ್ರಹದಲ್ಲಿ ಅದು ಇರಲೇಬೇಕು. ಅದು ಸಿಕ್ಕಿದ್ದು ತರಕಾರಿ ಚಿಲ್ಲರೆಯಲ್ಲಿ. ಲೆನ್ಸ್ ಹಿಡಿದು ನೋಡಿದರೆ ಮುಖದ ಎತ್ತರದ ಭಾಗಗಳು ಸವೆದು ನುಣುಪಾಗಿವೆ, ಅಕ್ಷರಗಳ ಬುಡದಲ್ಲಿ ಕಪ್ಪು ಕೂತಿದೆ, ಅಂಚಿನಲ್ಲಿ ಒಂದು ಪೆಟ್ಟು ಬಿದ್ದಿದೆ. ಇನ್ನೂ ಚೆನ್ನಾಗಿರುವುದು ಮುಂದೆ ಸಿಗಬಹುದು. ಆದರೂ ಇದನ್ನು ಬದಲಿಸುವುದಿಲ್ಲ. ಇಷ್ಟು ವರ್ಷ ಕೈಯಿಂದ ಕೈಗೆ ದುಡಿದ ನಾಣ್ಯ ಇದು, ಆ ಸವೆತವೇ ಅದರ ಚರಿತ್ರೆ.

ಇಂಥ ನಾಣ್ಯಗಳಿಗೆ ಲಕ್ಷ ಲಕ್ಷ ಕೊಡುತ್ತೇವೆ ಅಂತ ಫೋನಿಗೆ ಬರುವ ಮೆಸೇಜುಗಳನ್ನು ನಂಬಬೇಡಿ. ವೈಷ್ಣೋದೇವಿ ಚಿತ್ರದ ಐದು, ಹತ್ತು ರೂಪಾಯಿಗೆ ಈ ಮಾತು ಜಾಸ್ತಿ ಓಡಾಡುತ್ತದೆ. ಮೊದಲು ಫೋಟೋ ಕೇಳುತ್ತಾರೆ, ಆಮೇಲೆ ಕಮಿಷನ್, ಆಮೇಲೆ ತೆರಿಗೆ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿದೆ: ಹಳೆ ನೋಟು, ನಾಣ್ಯದ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕಾಗಿ ಯಾವ ಶುಲ್ಕವನ್ನೂ ಕೇಳುವುದಿಲ್ಲ. ಮನೆಯ ಹಿರಿಯರಿಗೆ ಇದನ್ನು ಒಮ್ಮೆ ಕೂರಿಸಿ ಹೇಳಿ.

ಆಯಿಯ ಡಬ್ಬಿ

ಈ ಕೆಲಸ ನಡೆಯುತ್ತಿರುವುದನ್ನು ನೋಡಿ ಆಯಿ ತನ್ನ ಎಲೆ ಅಡಿಕೆ ಡಬ್ಬಿ ತಂದು ಪಂಚೆಯ ಮೇಲೆ ಸುರಿದಳು. ನಡುವೆ ದುಂಡು ತೂತಿರುವ 1943ರ ಕಾಲದ ಒಂದು ಪೈಸೆ. ಚೌಕದ ಐದು ಪೈಸೆ. ಖಡ್ಗಮೃಗದ ಚಾರಾಣೆ. ಅದರ ಜೊತೆ ಒಂದು ಬೆಳ್ಳಿ ನಾಣ್ಯ, ಅದರ ಮೇಲೆ ಚಾರ್ಮಿನಾರ್.

ಅದರ ಮೇಲಿನ ಬರಹ ನನಗೆ ಓದಲು ಬರುವುದಿಲ್ಲ. ಪಕ್ಕದ ಮನೆಯ ಚಾಚಾ ಬಂದರು. ಲೆನ್ಸ್ ಹಿಡಿದು, ಚಾರ್ಮಿನಾರಿನ ಬಾಗಿಲ ಒಳಗೆ ತೋರಿಸಿದರು. "ಇಲ್ಲಿ ನೋಡು ಬೇಟಾ, ಐನ್ ಅದ. ಉಸ್ಮಾನ್ ಅಂಬೋ ಹೆಸರಿನ ಮೊದಲ ಅಕ್ಷರ." ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ನಾಣ್ಯ ಅದು. ಇಸವಿ ಹಿಜರಿ ಲೆಕ್ಕದಲ್ಲಿ, 1337. ನಮ್ಮ ಲೆಕ್ಕಕ್ಕೆ ತರಲು 0.97ರಿಂದ ಗುಣಿಸಿ 622 ಸೇರಿಸಬೇಕು. 1918-19 ಬರುತ್ತದೆ. ಚಾಚಾ ಓದಿ ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಮ್ಮ ಊರಲ್ಲಿ ಇದೊಂದು ಅನುಕೂಲ. ನಿಜಾಮರ ನಾಣ್ಯ ಓದಿಸಲು ಪುಸ್ತಕ ಹುಡುಕಬೇಕಿಲ್ಲ, ಓಣಿಯಲ್ಲೇ ಓದುವವರಿದ್ದಾರೆ.

ಆಯಿಯ ನಾಣ್ಯ ಟ್ರೇಗೆ ಸೇರುವುದಿಲ್ಲ. ಅದು ಅವಳದು, ಕಾಗದದ ಕವರಿನಲ್ಲಿ ಹೆಸರು ಬರೆದು ಅವಳ ಡಬ್ಬಿಗೇ ವಾಪಸ್. ಒಂದು ಮಾತು ಮಾತ್ರ ಇಲ್ಲಿ ಹೇಳಲೇಬೇಕು. 1347ರಲ್ಲಿ ಶುರುವಾದ ಬಹಮನಿ ರಾಜ್ಯಕ್ಕೆ ಕಲಬುರಗಿಯೇ ರಾಜಧಾನಿಯಾಗಿತ್ತು. ಆಮೇಲೆ ರಾಜಧಾನಿ ಬೀದರಿಗೆ ಹೋಯಿತು. ಅಹಸನಾಬಾದ್ ಅಂತ ಕಲಬುರಗಿಯ ಹೆಸರು ಹೊತ್ತ ನಾಣ್ಯಗಳು ಈ ನೆಲದಲ್ಲೇ ಅಚ್ಚಾಗಿವೆ. ಹೊಲ ಉಳುವಾಗ, ಪಾಯ ತೋಡುವಾಗ ಹಳೆ ನಾಣ್ಯ ಸಿಗುವುದು ಇಲ್ಲಿ ಆಶ್ಚರ್ಯವಲ್ಲ. ಹಾಗೆ ನೆಲದಲ್ಲಿ ಸಿಕ್ಕಿದ್ದನ್ನು ಮನೆಗೆ ಒಯ್ಯುವಂತಿಲ್ಲ, ಮಾರುವಂತಿಲ್ಲ. ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಅದು ಯಾವ ಜಾಗದಲ್ಲಿ, ಯಾವುದರ ಜೊತೆ ಸಿಕ್ಕಿತು ಅನ್ನೋದು ನಾಣ್ಯದಷ್ಟೇ ಮುಖ್ಯ.

ಎರಡನೇ ಟ್ರೇ

ಮೊದಲ ಟ್ರೇಯಲ್ಲಿ ಕೋಲ್ಕತ್ತದ ಹತ್ತು ರೂಪಾಯಿ ಒಂದು ಬಾಕಿ ಇದೆ. ಸಿಕ್ಕ ಎರಡರಲ್ಲೂ ಇಸವಿ ಮಸುಕು, ನಿಯಮದ ಪ್ರಕಾರ ಜೇಬಿಗೆ ಹೋದವು.

ಎರಡನೆಯದಕ್ಕೆ ಚಿತ್ರ ಬರೆಯುತ್ತಿದ್ದೇನೆ. ಅದು ಪೈಸೆಗಳದ್ದು. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ, ಹಾಗಾಗಿ ಬಜಾರಿನಲ್ಲಿ ಸಿಗುವುದಿಲ್ಲ, ಮನೆಯ ಡಬ್ಬಿಗಳಲ್ಲೇ ಹುಡುಕಬೇಕು. ಎಂಟಾಣೆ ಮಾತ್ರ ಇವತ್ತಿಗೂ ಕಾನೂನಿನ ಪ್ರಕಾರ ನಡೆಯುತ್ತದೆ, ಯಾರೂ ತಗೊಳ್ಳದಿದ್ದರೂ. ಈ ಟ್ರೇಗೆ ದುಂಡು ತೂತು ಸಾಲದು. ಅಲ್ಯುಮಿನಿಯಂ ಒಂದು ಪೈಸೆ ಮತ್ತು ಐದು ಪೈಸೆ ಚೌಕ, ಮೂರು ಪೈಸೆ ಮತ್ತು ಇಪ್ಪತ್ತು ಪೈಸೆ ಆರು ಮೂಲೆ, ಎರಡು ಪೈಸೆ ಮತ್ತು ಹತ್ತು ಪೈಸೆಯ ಅಂಚು ಹೂವಿನ ಎಸಳಿನ ಹಾಗೆ. ಲೇಸರ್ ಯಂತ್ರಕ್ಕೆ ಆಕಾರ ಯಾವುದಾದರೂ ಒಂದೇ, ನಾವು ಅಳತೆ ಸರಿ ಕೊಡಬೇಕು ಅಷ್ಟೇ. ಅಲ್ಯುಮಿನಿಯಂ ಮೆತ್ತಗಿನ ಲೋಹ, ವರ್ನಿಯರ್ ಒತ್ತಿದರೂ ಗೀರು ಬೀಳುತ್ತದೆ. ಅದಕ್ಕೆ ನಾಣ್ಯವನ್ನು ಗ್ರಾಫ್ ಹಾಳೆಯ ಮೇಲೆ ಇಟ್ಟು, ನೇರ ಮೇಲಿಂದ ಫೋಟೋ ತೆಗೆದು, ಗ್ರಾಫಿನ ಚೌಕ ಎಣಿಸಿ ಅಳತೆ ಹಾಕುತ್ತಿದ್ದೇವೆ. ಹತ್ತು ಪೈಸೆಯ ಎಸಳು ಬಿಡಿಸುವ ಕೆಲಸವನ್ನು ಅಕ್ಕನ ಮಗ ವಹಿಸಿಕೊಂಡಿದ್ದಾನೆ.